ಹೊಲಿಗೆ ಯಂತ್ರ ಕೊಟ್ಟರೆ ಜಾತಿ ಹೋಗುತ್ತದೆಯೆ?

ಈಗ ನಮ್ಮ ನಡುವೆ ಒಂದು ಹೊಸ ಪುರಾಣ ಹುಟ್ಟಿಕೊಂಡಿದೆ. ಅದರ ಹೆಸರು 'ಕಷ್ಟ ಗೆದ್ದವರ ಕಥೆ'. ಸಭೆಗಳಲ್ಲಿ ಅದನ್ನು ಓದುತ್ತಾರೆ, ಸಂಸ್ಥೆಗಳ ವರದಿಯಲ್ಲಿ ಅಚ್ಚು ಹಾಕುತ್ತಾರೆ, ಮಂತ್ರಿಗಳು ಭಾಷಣದಲ್ಲಿ ಹೇಳಿ ಕಣ್ಣೊರೆಸಿಕೊಳ್ಳುತ್ತಾರೆ. ಕಥೆ ಯಾವಾಗಲೂ ಒಂದೆ. ಅವಳೊಬ್ಬ ಬಡವಿ. ಗಂಡ ಕುಡುಕ. ಮಕ್ಕಳಿಗೆ ಊಟವಿಲ್ಲ. ಆಗ ಒಂದು ಸಂಸ್ಥೆ ಬಂತು. ಮೂರು ತಿಂಗಳು ಹೊಲಿಗೆ ಕಲಿಸಿತು. ಒಂದು ಸರ್ಟಿಫಿಕೇಟು, ಒಂದು ಹೊಲಿಗೆ ಯಂತ್ರ, ಒಂದು ಫೋಟೋ. ಈಗ ಅವಳು 'ಸ್ವಂತ ಕಾಲ ಮೇಲೆ' ನಿಂತಿದ್ದಾಳೆ. ಚಪ್ಪಾಳೆ. ಮಂಗಳಾರತಿ.

ಹಳೆಯ ಪುರಾಣದಲ್ಲಿ ದೇವರು ವರ ಕೊಡುತ್ತಿದ್ದ, ಹೊಸ ಪುರಾಣದಲ್ಲಿ ಸಂಸ್ಥೆಯ ನಿರ್ದೇಶಕರು ಕೊಡುತ್ತಾರೆ. ವ್ಯತ್ಯಾಸ ಅಷ್ಟೆ.

ಈ ಕಥೆಯಲ್ಲಿ ಏನಿದೆ ಅನ್ನುವುದಕ್ಕಿಂತ ಏನಿಲ್ಲ ಅನ್ನುವುದನ್ನು ನೋಡಿ. ಗಂಡನ ಕುಡಿತ ಇದೆ, ಕೇರಿಯ ಬಾಯಿಗೇ ಹೆಂಡದಂಗಡಿ ಇಟ್ಟವರು ಯಾರು ಅನ್ನುವುದು ಇಲ್ಲ. ಹಸಿವು ಇದೆ, ಅವಳ ಅಪ್ಪನ ಹೊಲ ಯಾರ ಹೆಸರಿಗೆ ಹೋಯಿತು ಅನ್ನುವುದು ಇಲ್ಲ. ಅನಕ್ಷರತೆ ಇದೆ, ಅವಳನ್ನು ಶಾಲೆಯ ಜಗಲಿಯಿಂದಾಚೆ ಕೂರಿಸಿದವರು ಇಲ್ಲ. ಕೊನೆಗೆ ಜಾತಿ ಎಂಬ ಎರಡಕ್ಷರವೇ ಇಲ್ಲ. ಇವೆಲ್ಲವನ್ನೂ ಒರೆಸಿ ಹಾಕಿದ ಮೇಲೆ ಉಳಿಯುವುದು 'ವೈಯಕ್ತಿಕ ಕಷ್ಟ'. ಅವಳ ಹಣೆಬರಹ. ಹಣೆಬರಹವನ್ನು ತಿದ್ದಲು ಒಂದು ಸೂಜಿ, ಒಂದು ಉಂಡೆ ದಾರ.

ಸ್ವಾಮಿ, ಇದು ವೈಯಕ್ತಿಕ ಕಷ್ಟವೆ? ಲೆಕ್ಕ ನೋಡೋಣ. ನಾವು ಕಟ್ಟಿದ ಲೆಕ್ಕ ಅಲ್ಲ, ಸರ್ಕಾರವೇ ಕೊಟ್ಟ ಲೆಕ್ಕ. 2013 ಮತ್ತು 2018ರ ಸಮೀಕ್ಷೆಗಳಲ್ಲಿ ದೇಶದಲ್ಲಿ 58,098 ಮಂದಿ ಮಲ ಹೊರುವವರನ್ನು ಗುರುತಿಸಲಾಯಿತು. ಅದರಲ್ಲಿ ಕರ್ನಾಟಕದವರು 2,927. ಇವರಲ್ಲಿ 43,797 ಮಂದಿಯ ಜಾತಿ ವಿವರವನ್ನು ಕೇಂದ್ರ ಸರ್ಕಾರ 2021ರ ಡಿಸೆಂಬರಿನಲ್ಲಿ ಸಂಸತ್ತಿಗೆ ಕೊಟ್ಟಿತು. ಪರಿಶಿಷ್ಟ ಜಾತಿಯವರು 42,594. ಅಂದರೆ ನೂರಕ್ಕೆ 97 ಮಂದಿ. ಲೆಕ್ಕಕ್ಕೆ ಸಿಗದವರು ಇನ್ನೆಷ್ಟೋ.

ನಲವತ್ತೆರಡು ಸಾವಿರ ಜನಕ್ಕೆ ಒಂದೇ ಬಗೆಯ ಹಣೆಬರಹವನ್ನು ಬರೆದ ಆ ಬ್ರಹ್ಮ ಯಾರು? ಅವನ ವಿಳಾಸ ಎಲ್ಲಿದೆ? ಅವನಿಗೆ ತರಬೇತಿ ಕೊಡುವ ಸಂಸ್ಥೆ ಯಾವುದಾದರೂ ಇದೆಯೆ?

ಜಾತಿ ವ್ಯವಸ್ಥೆ ಬರೀ ಕೆಲಸವನ್ನು ಹಂಚಿದ್ದಲ್ಲ, ಕೆಲಸ ಮಾಡುವವರನ್ನೇ ಹುಟ್ಟಿನಿಂದ ಹಂಚಿ ಒಬ್ಬರ ಮೇಲೊಬ್ಬರನ್ನು ಪೇರಿಸಿಟ್ಟಿತು ಎಂಬುದನ್ನು ಬಾಬಾಸಾಹೇಬರು 1936ರಲ್ಲೇ ಬಿಡಿಸಿ ತೋರಿಸಿದರು. ಕೆಲಸ ಕಲಿಸುವವರು ಮೊದಲು ಓದಬೇಕಾದ ಪಾಠ ಇದು. ಆದರೆ ತರಬೇತಿ ಕೇಂದ್ರಗಳ ಗೋಡೆಯ ಮೇಲೆ ಅಂಬೇಡ್ಕರರ ಫೋಟೋ ಇರುತ್ತದೆ, ಪಠ್ಯದಲ್ಲಿ ಅವರು ಇರುವುದಿಲ್ಲ.

ಕೊಟ್ಟದ್ದೇನು?

ಕಾನೂನು ಇಲ್ಲವೆ? ಇದೆ. ಎಪ್ಪತ್ತರ ದಶಕದಲ್ಲಿ ದೇವರಾಜ ಅರಸು ಮಂತ್ರಿಮಂಡಲದಲ್ಲಿದ್ದ ಬಿ. ಬಸವಲಿಂಗಪ್ಪನವರು ತಲೆಯ ಮೇಲೆ ಮಲ ಹೊರುವುದನ್ನು ಕರ್ನಾಟಕದಲ್ಲಿ ನಿಷೇಧಿಸಿದರು. ಇಡೀ ದೇಶಕ್ಕೆ ಕಾನೂನು ಬರಲು 1993 ಆಗಬೇಕಾಯಿತು. ಮತ್ತೆ 2013ರಲ್ಲಿ ಇನ್ನೊಂದು ಕಾಯ್ದೆ. ಅದರಲ್ಲಿ ನಿಷೇಧದ ಜೊತೆಗೆ ಪುನರ್ವಸತಿಯನ್ನೂ ಸೇರಿಸಿದರು: ಒಂದು ಸಲ ನಗದು ಸಹಾಯ, ಮಕ್ಕಳಿಗೆ ವಿದ್ಯಾರ್ಥಿವೇತನ, ಮನೆ, ಮನೆಯ ಒಬ್ಬರಿಗೆ ಕಸುಬಿನ ತರಬೇತಿ, ತರಬೇತಿಯ ಕಾಲದಲ್ಲಿ ತಿಂಗಳಿಗೆ 3,000 ರೂಪಾಯಿಗೆ ಕಡಿಮೆಯಿಲ್ಲದ ಭತ್ಯೆ, ಆಮೇಲೆ ಸಾಲ ಮತ್ತು ಸಹಾಯಧನ. ಕಾಗದದ ಮೇಲೆ ನೋಡಿದರೆ ರಾಮರಾಜ್ಯ.

ಈಗ ಕಾಗದ ಮಡಚಿಟ್ಟು ಕೇರಿಗೆ ಬನ್ನಿ.

ಒಂದು ಸಲದ ನಗದು 40,000 ರೂಪಾಯಿ. ತಲೆಮಾರುಗಟ್ಟಲೆ ಹೇಲು ಬಳಿದದ್ದಕ್ಕೆ ಇಡೀ ಊರು ಕೊಟ್ಟು ಮುಗಿಸಿದ ಬಾಕಿ. ಮದುವೆಯ ಸಾಲಕ್ಕೋ ಆಸ್ಪತ್ರೆಯ ಬಿಲ್ಲಿಗೋ ಅದು ಒಂದು ವಾರದಲ್ಲಿ ಕರಗುತ್ತದೆ. ಭತ್ಯೆ 3,000 ಅಂದರೆ ದಿನಕ್ಕೆ 100 ರೂಪಾಯಿ. 2024-25ರಲ್ಲಿ ಕರ್ನಾಟಕದಲ್ಲಿ ಉದ್ಯೋಗ ಖಾತರಿಯ ಕೂಲಿಯೇ ದಿನಕ್ಕೆ 349 ರೂಪಾಯಿ ಇತ್ತು. ಮಣ್ಣು ಹೊತ್ತರೆ 349, ಕಲಿಯಲು ಕೂತರೆ 100. ಮನೆಯಲ್ಲಿ ನಾಲ್ಕು ಹೊಟ್ಟೆ ಇರುವವಳು ಎಲ್ಲಿಗೆ ಹೋಗುತ್ತಾಳೆ? ಅವಳು ಕೂಲಿಗೆ ಹೋದರೆ ಮೇಲಿನವರು ಏನು ಬರೆಯುತ್ತಾರೆ? 'ಫಲಾನುಭವಿಗಳಲ್ಲಿ ಆಸಕ್ತಿಯ ಕೊರತೆ.' ಎಂಥ ಮಾತು! ಹಸಿದವರಿಗೆ ಆಸಕ್ತಿ ಇಲ್ಲವಂತೆ!

ಇನ್ನು ಸಾಲ. ಗುರುತಿಸಿದವರಿಗೆ ನಗದು ಹಂಚಿದ್ದೇವೆ ಅಂತ ಸರ್ಕಾರ ಎದೆ ತಟ್ಟಿಕೊಳ್ಳುತ್ತದೆ. ತರಬೇತಿ ಸಿಕ್ಕಿದ್ದು ಇಪ್ಪತ್ತು ಸಾವಿರದ ಆಸುಪಾಸು ಜನಕ್ಕೆ. ಸ್ವಂತ ಕಸುಬು ಹೂಡಲು ಬಂಡವಾಳದ ಸಹಾಯಧನ ಸಿಕ್ಕಿದ್ದು ಎರಡು ಸಾವಿರ ಚಿಲ್ಲರೆ ಜನಕ್ಕೆ. ಮೆಟ್ಟಿಲು ಏರಿದಂತೆ ಜನ ಎಲ್ಲಿ ಉದುರಿಹೋದರು ನೋಡಿ. ಬ್ಯಾಂಕಿನ ಬಾಗಿಲಲ್ಲಿ ಉದುರಿದರು. ಜಾಮೀನು ತಾ ಅಂದರು. ಜಾಗದ ಪತ್ರ ತಾ ಅಂದರು. ಪುರಸಭೆಯ ಜಾಗದಲ್ಲಿ ಗುಡಿಸಲು ಹಾಕಿಕೊಂಡವನು ಯಾವ ಪತ್ರ ತರುತ್ತಾನೆ?

ಅದನ್ನೂ ದಾಟಿ ಸಾಲ ಸಿಕ್ಕಿತು ಅನ್ನಿ. ಎಮ್ಮೆ ತಂದ. ಅವನ ಎಮ್ಮೆಯ ಹಾಲನ್ನು ಊರಲ್ಲಿ ಯಾರು ಕೊಳ್ಳುತ್ತಾರೆ? ಚಾದಂಗಡಿ ಇಟ್ಟ. ನಿನ್ನೆಯವರೆಗೆ ನಿಮ್ಮ ಕಕ್ಕಸು ಬಳಿದ ಕೈಯಿಂದ ಚಾ ಕುಡಿಯುತ್ತೀರಾ? ಅವಳು ಹೊಲಿಗೆ ಕಲಿತಳು. ಮೇಲಿನ ಕೇರಿಯ ಹೆಂಗಸು ತನ್ನ ರವಿಕೆಯ ಅಳತೆ ಕೊಡಲು ಈ ಕೇರಿಗೆ ಇಳಿದು ಬರುತ್ತಾಳಾ? ಕೇರಿಯ ಒಳಗೇ ಹೊಲಿದು ಬದುಕೋಣ ಅಂದರೆ, ಅದೇ ಸಂಸ್ಥೆ ಅದೇ ಕೇರಿಯಲ್ಲಿ ಒಟ್ಟಿಗೆ ಮೂವತ್ತು ಜನಕ್ಕೆ ಹೊಲಿಗೆ ಕಲಿಸಿದೆ. ಯಾರ ಬಟ್ಟೆ ಯಾರು ಹೊಲಿಯಬೇಕು? ಯಂತ್ರ ಮೂಲೆ ಸೇರುತ್ತದೆ, ಆಮೇಲೆ ಮಾರವಾಡಿ ಅಂಗಡಿ ಸೇರುತ್ತದೆ. ಕಲಿಸಿದ್ದು ಸುಳ್ಳಲ್ಲ, ಕಲಿತದ್ದೂ ಸುಳ್ಳಲ್ಲ. ಆದರೆ ಮಾರುಕಟ್ಟೆಗೂ ಜಾತಿ ಇದೆ ಅನ್ನುವುದನ್ನು ಯಾರೂ ಅವಳಿಗೆ ಹೇಳಲಿಲ್ಲ. ಹೇಳುವುದೇನು, ಅವಳಿಗೆ ಅದು ಗೊತ್ತೇ ಇತ್ತು. ಯಾರೂ ಅವಳನ್ನು ಕೇಳಲಿಲ್ಲ.

ಹೆಸರು ಬದಲಾಯಿತು, ಗುಂಡಿ ಬದಲಾಗಲಿಲ್ಲ

ಇದಕ್ಕಿಂತ ದೊಡ್ಡ ಮೋಸ ಇನ್ನೊಂದಿದೆ. ಜಾತಿಯ ಕಸುಬಿನಿಂದ ಬಿಡಿಸುತ್ತೇವೆ ಅಂತ ಹೇಳಿ ಅದೇ ಕಸುಬಿಗೆ ವಾಪಸು ಕಳಿಸುವ ತರಬೇತಿ.

2013ರ ಕಾಯ್ದೆಯ ನಂತರ ಪರಿಷ್ಕರಿಸಿದ ಸ್ವಉದ್ಯೋಗ ಯೋಜನೆಯಲ್ಲಿ ಬೇರೆ ಕಸುಬುಗಳಿಗೆ 10 ಲಕ್ಷ ರೂಪಾಯಿವರೆಗಿನ ಯೋಜನೆಗೆ ಅವಕಾಶ. ಸ್ವಚ್ಛತೆಗೆ ಸಂಬಂಧಿಸಿದ ಯೋಜನೆಯಾದರೆ 15 ಲಕ್ಷದವರೆಗೆ. ಅಂದರೆ ಕಿರಾಣಿ ಅಂಗಡಿ ಇಡುತ್ತೇನೆ ಅಂದವನಿಗಿಂತ ಗುಂಡಿ ಹೀರುವ ಯಂತ್ರ ಕೊಳ್ಳುತ್ತೇನೆ ಅಂದವನ ಮೇಲೆ ಸರ್ಕಾರಕ್ಕೆ ಹೆಚ್ಚು ಪ್ರೀತಿ. 2023ರಲ್ಲಿ ಆ ಯೋಜನೆಯನ್ನು 'ನಮಸ್ತೆ' ಎಂಬ ಹೊಸ ಯೋಜನೆಯೊಳಗೆ ಸೇರಿಸಿದರು. ಅದರಲ್ಲಿ ನಮ್ಮ ಜನಕ್ಕೆ ಒಂದು ಹೊಸ ಬಿರುದು ಕೊಟ್ಟರು: 'ಸ್ಯಾನಿಪ್ರೆನ್ಯೂರ್'. ಸ್ವಚ್ಛತೆಯ ಉದ್ಯಮಿ!

ನಮ್ಮ ತಾತ ತೋಟಿ ಆಗಿದ್ದ. ನಮ್ಮಪ್ಪ ಜಾಡಮಾಲಿ ಆದ. ಅಣ್ಣ ಸಫಾಯಿ ಕರ್ಮಚಾರಿ ಆದ. ತಮ್ಮ ಪೌರಕಾರ್ಮಿಕ ಆದ. ಈಗ ಮಗ ಸ್ಯಾನಿಪ್ರೆನ್ಯೂರ್ ಆಗಬೇಕಂತೆ. ಹೆಸರು ಬದಲಾದರೆ ಹೇಲು ಹೂವಾಗುತ್ತದೆಯೆ? ಯಂತ್ರ ಬೇಡ ಅನ್ನುವ ಮೂರ್ಖತನ ನಮಗಿಲ್ಲ. ಯಂತ್ರ ಬೇಕೇ ಬೇಕು, ಮನುಷ್ಯ ಒಬ್ಬನೂ ಗುಂಡಿಗೆ ಇಳಿಯಕೂಡದು. ನಮ್ಮ ಪ್ರಶ್ನೆ ಬೇರೆ. ಯಂತ್ರ ಬಂದ ಮೇಲೂ ಅದರ ಚಾಲಕ ಅದೇ ಕೇರಿಯವನೇ ಯಾಕಾಗಬೇಕು? ಅದು ಅಷ್ಟು ಲಾಭದ ಉದ್ಯಮವಾದರೆ ಶೆಟ್ಟರ ಮಗ, ಗೌಡರ ಮಗ, ಭಟ್ಟರ ಮಗ ಯಾಕೆ ಅರ್ಜಿ ಹಾಕುತ್ತಿಲ್ಲ?

ಚರ್ಮದ ಕಥೆಯೂ ಇದೇ. 1976ರಲ್ಲಿ ಕರ್ನಾಟಕದಲ್ಲಿ ಚರ್ಮ ಕೈಗಾರಿಕೆಗೆ ಒಂದು ನಿಗಮ ಕಟ್ಟಿದರು. ಲಿಡ್ಕರ್ ಅಂತ ಎಲ್ಲರಿಗೂ ಗೊತ್ತು. ರಸ್ತೆ ಬದಿಯಲ್ಲಿ ಕೂತು ಚಪ್ಪಲಿ ಹೊಲಿಯುವವನಿಗೆ ಒಂದು ಪೆಟ್ಟಿಗೆ ಅಂಗಡಿ, ಒಳ್ಳೆ ಹತಾರ ಸಿಕ್ಕರೆ ಅವನ ಬೆನ್ನಿಗೆ ನೆರಳಾಗುತ್ತದೆ, ಒಪ್ಪೋಣ. ಆದರೆ ಮಾದಿಗರ ಹುಡುಗನಿಗೆ ಚರ್ಮದ ತರಬೇತಿ, ತೋಟಿಯ ಮಗನಿಗೆ ಗುಂಡಿಯ ತರಬೇತಿ ಅಂತ ಗೆರೆ ಎಳೆದರೆ, ಮನು ಎಳೆದ ಗೆರೆಗೂ ಸರ್ಕಾರ ಎಳೆದ ಗೆರೆಗೂ ಏನು ವ್ಯತ್ಯಾಸ?

2023ರ ಡಿಸೆಂಬರಿನಲ್ಲಿ ಕೋಲಾರ ಜಿಲ್ಲೆ ಮಾಲೂರು ತಾಲ್ಲೂಕಿನ ವಸತಿ ಶಾಲೆಯೊಂದರಲ್ಲಿ ದಲಿತ ಮಕ್ಕಳನ್ನು ಶೌಚಗುಂಡಿಗೆ ಇಳಿಸಿ ತೊಳೆಸಿದ್ದು ಹೊರಗೆ ಬಂತು. ಹೆಂಡ ಬೇಡ, ಭೂಮಿ ಬೇಕು, ವಸತಿ ಶಾಲೆ ಬೇಕು ಅಂತ ದಲಿತ ಸಂಘರ್ಷ ಸಮಿತಿ ಬೀದಿಯಲ್ಲಿ ಕೂಗಿದ ನಾಡು ಇದು. ಆ ಕೂಗಿನಿಂದ ಬಂದ ವಸತಿ ಶಾಲೆಯ ಗುಂಡಿಗೇ ನಮ್ಮ ಮಕ್ಕಳನ್ನು ಇಳಿಸಿದರು. ಇದೂ ಒಂದು ತರಬೇತಿಯೇ! ಯಾವ ಸರ್ಟಿಫಿಕೇಟೂ ಇಲ್ಲದೆ ಸಾವಿರಾರು ವರ್ಷಗಳಿಂದ ನಡೆಯುತ್ತಿರುವ ತರಬೇತಿ.

ಬದುಕಿದ್ದವರಿಗೆ 40,000 ಅಂದೆವಲ್ಲ, ಸತ್ತವರ ಬೆಲೆಯನ್ನೂ ಕೇಳಿ. ಗುಂಡಿಯಲ್ಲಿ ಸತ್ತವರ ಮನೆಗೆ 10 ಲಕ್ಷ ರೂಪಾಯಿ ಕೊಡಬೇಕೆಂದು ಸುಪ್ರೀಂ ಕೋರ್ಟು 2014ರಲ್ಲಿ ಹೇಳಿತು. 2023ರಲ್ಲಿ ಅದನ್ನು 30 ಲಕ್ಷಕ್ಕೆ ಏರಿಸಿತು. ಕೋರ್ಟು ಮಾಡಿದ್ದು ನ್ಯಾಯವೇ, ಅದನ್ನು ಪಡೆಯಲು ಹೆಂಡತಿ ಮಕ್ಕಳು ಕಚೇರಿಯಿಂದ ಕಚೇರಿಗೆ ಅಲೆಯುವುದೂ ನಿಜವೇ. ಆದರೆ ಈ ಎರಡು ಅಂಕಿಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಗುಂಡಿಯಿಂದ ಎದ್ದು ಬಂದು ಬದುಕುತ್ತೇನೆ ಅಂದರೆ 40,000. ಗುಂಡಿಯಲ್ಲೇ ಸತ್ತರೆ 30 ಲಕ್ಷ. ಈ ದೇಶದಲ್ಲಿ ದಲಿತನ ಹೆಣಕ್ಕಿರುವ ಬೆಲೆ ದಲಿತನ ಬದುಕಿಗಿಲ್ಲ.

2010ರ ಜುಲೈನಲ್ಲಿ ಹಾವೇರಿ ಜಿಲ್ಲೆಯ ಸವಣೂರಿನಲ್ಲಿ ಭಂಗಿ ಸಮುದಾಯದವರು ತಾವು ವಾಸವಿದ್ದ ಜಾಗದಿಂದ ಎಬ್ಬಿಸಲು ಹೊರಟದ್ದನ್ನು ವಿರೋಧಿಸಿ, ಪುರಸಭೆಯ ಎದುರು ಮೈಮೇಲೆ ಮಲ ಸುರಿದುಕೊಂಡರು. ನಾಗರಿಕರು ಮೂಗು ಮುಚ್ಚಿಕೊಂಡರು. ಮಂತ್ರಿಗಳು, ಮಠಾಧೀಶರು ಓಡಿ ಬಂದರು. ಆ ಜನ ಊರಿಗೆ ಹೇಳಿದ್ದಿಷ್ಟೆ: ಇದು ನಿಮ್ಮದು, ನಮ್ಮದಲ್ಲ, ಇಷ್ಟು ದಿನ ನೀವು ನಮ್ಮ ಮೇಲೆ ಹಾಕಿದ್ದೇ ಇದು. ಯಾವ ತರಬೇತಿ ಕೇಂದ್ರವೂ ಕಲಿಸದ ಪಾಠವನ್ನು ಅವರು ಒಂದು ಮಧ್ಯಾಹ್ನದಲ್ಲಿ ಇಡೀ ಕರ್ನಾಟಕಕ್ಕೆ ಕಲಿಸಿದರು.

ಹಾಗಾದರೆ ಕಲಿಯುವುದೇ ಬೇಡವೆ?

ಬೇಕು. ಕಲಿಕೆಯನ್ನು ಬೇಡ ಅನ್ನುವವನು ಅಂಬೇಡ್ಕರರ ಹೆಸರು ಎತ್ತುವ ಯೋಗ್ಯತೆ ಕಳೆದುಕೊಳ್ಳುತ್ತಾನೆ. ನಮ್ಮ ಜಗಳ ಕಲಿಕೆಯ ಜೊತೆಗಲ್ಲ. ಕಲಿಕೆಯ ಹೆಸರಲ್ಲಿ ಮೂಗಿಗೆ ತುಪ್ಪ ಸವರುವವರ ಜೊತೆಗೆ.

ಕೆಲಸ ಕಲಿಸುವುದು ಹೇಗೆ ಅಂತ ಈ ನಾಡಿಗೆ ಗೊತ್ತಿಲ್ಲದ್ದೇನಲ್ಲ. ಮಂಗಳೂರಿನಲ್ಲಿ ಮತಾಂತರವಾದ ಬಡ ಜಾತಿಗಳ ಜನ ಒಕ್ಕಲು ಬಿಡಿಸಿಕೊಂಡು, ಮನೆ ಮಠ ಕಳಕೊಂಡು ನಿಂತಾಗ ಬಾಸೆಲ್ ಮಿಶನ್ ಅವರಿಗೆ ಬರೀ ಬೈಬಲ್ ಕೊಡಲಿಲ್ಲ. 1851ರ ಹೊತ್ತಿಗೆ ನೇಯ್ಗೆ, 1865ರಲ್ಲಿ ಹೆಂಚಿನ ಕಾರ್ಖಾನೆ. ಅವರ ಶಿಸ್ತು, ಅವರ ಧರ್ಮದ ಹಿಡಿತ ಎಲ್ಲದಕ್ಕೂ ನಮ್ಮ ಟೀಕೆ ಇದ್ದೇ ಇದೆ. ಆದರೆ ಒಂದು ವಿಷಯ ಗಮನಿಸಿ: ಕಲಿತ ಕೈಗೆ ಪಕ್ಕದಲ್ಲೇ ಕಾರ್ಖಾನೆಯ ಬಾಗಿಲು ತೆರೆದಿತ್ತು, ವಾರಕ್ಕೆ ಕೂಲಿ ಇತ್ತು. ಮಾಲು ಮಾರುವ ಹೊಣೆ ಕಲಿತವನ ತಲೆಯ ಮೇಲೆ ಇರಲಿಲ್ಲ.

ಅದೇ ಮಂಗಳೂರಿನಲ್ಲಿ 1897ರಲ್ಲಿ ಕುದ್ಮುಲ್ ರಂಗರಾಯರು ದಲಿತರಿಗಾಗಿ ಸಂಸ್ಥೆ ಕಟ್ಟಿದರು. ಸಾರಸ್ವತ ಬ್ರಾಹ್ಮಣ ಮನುಷ್ಯ, ಜಾತಿಯವರ ಬಹಿಷ್ಕಾರ ಉಂಡವರು. ಶಾಲೆ ತೆರೆದರು, ಕೈಕಸುಬನ್ನೂ ಕಲಿಸಿದರು. ಆದರೆ ಅವರ ಆಸೆ ಏನಾಗಿತ್ತು? ತನ್ನ ಶಾಲೆಯಲ್ಲಿ ಕಲಿತ ದಲಿತ ಹುಡುಗ ಸರ್ಕಾರಿ ನೌಕರಿಗೆ ಸೇರಿ ಕಾರಿನಲ್ಲಿ ಓಡಾಡಬೇಕು, ಆ ಕಾರು ಎಬ್ಬಿಸಿದ ಧೂಳು ತನ್ನ ತಲೆಯ ಮೇಲೆ ಬೀಳಬೇಕು ಅನ್ನುವುದು. ಇವತ್ತಿನ ಸಂಸ್ಥೆಗಳ ಆಸೆ ಏನು? ನಮ್ಮ ಹುಡುಗ ಅವರ ಕಾರಿನ ಧೂಳು ಒರೆಸುವ ಕೆಲಸ ಕಲಿಯಬೇಕು ಅನ್ನುವುದು. ನೂರಾ ಇಪ್ಪತ್ತು ವರ್ಷದಲ್ಲಿ ನಾವು ಮುಂದೆ ಹೋದೆವೋ ಹಿಂದೆ ಬಂದೆವೋ ನೀವೇ ಹೇಳಿ.

ಇನ್ನೂ ಒಂದು ಮಾತು. ನಮಗೆ ಮೊದಲ ತರಬೇತಿ 'ಮಾಡುವುದು' ಅಲ್ಲ, 'ಬಿಡುವುದು'. 1927ರಲ್ಲಿ ಮಹಾಡಿನಲ್ಲಿ ಬಾಬಾಸಾಹೇಬರು ಕೆರೆಯ ನೀರು ಮುಟ್ಟಿಸಿದ್ದು ಎಲ್ಲರಿಗೂ ನೆನಪಿದೆ. ಅಲ್ಲೇ ಅವರು ಸತ್ತ ದನದ ಮಾಂಸ ತಿನ್ನುವುದನ್ನು, ಹೀನವೆಂದು ಹೊರಿಸಿದ ಹಳೆಯ ಚಾಕರಿಯನ್ನು ಬಿಡಿ ಎಂದು ಹೇಳಿದ್ದನ್ನು ಮರೆಯುತ್ತೇವೆ. 2016ರಲ್ಲಿ ಗುಜರಾತಿನ ಊನಾದಲ್ಲಿ ದಲಿತ ಹುಡುಗರನ್ನು ಕಟ್ಟಿ ಹೊಡೆದಾಗ ಅಲ್ಲಿನ ಜನ ಸತ್ತ ದನಗಳನ್ನು ಎತ್ತುವುದಿಲ್ಲ ಅಂತ ನಿಂತರು. ಜೊತೆಗೆ ಭೂಮಿ ಕೇಳಿದರು. ಅದೇ ವರ್ಷ ಅಕ್ಟೋಬರಿನಲ್ಲಿ ನಮ್ಮಲ್ಲೂ 'ಚಲೋ ಉಡುಪಿ' ನಡೆಯಿತು, ಅಲ್ಲಿಯೂ ಭೂಮಿಯ ಕೂಗೆ. ಬಿಡುತ್ತೇವೆ, ಬದಲಿಗೆ ಭೂಮಿ ಕೊಡಿ. ಎರಡೂ ಒಂದೇ ಉಸಿರಿನಲ್ಲಿ ಬರಬೇಕು. ಬಿಡು ಅಂತ ಮಾತ್ರ ಹೇಳಿದರೆ ಉಪವಾಸ, ಕೊಡುತ್ತೇವೆ ಅಂತ ಮಾತ್ರ ಹೇಳಿದರೆ ಭಿಕ್ಷೆ.

ಬೆಳಗಾವಿಯ ಹೆಂಗಸರು ಕಲಿಸಿದ್ದು

ಹಾಗಾದರೆ ಸಂಸ್ಥೆಯ ಕೆಲಸದಿಂದ ಯಾರೂ ಬಿಡುಗಡೆ ಆಗಿಲ್ಲವೆ? ಆಗಿದ್ದಾರೆ. ಎಲ್ಲಿ, ಹೇಗೆ ಅನ್ನುವುದನ್ನು ಕಣ್ಣು ಬಿಟ್ಟು ನೋಡಬೇಕು.

ಎಲ್ಲಮ್ಮನ ಹೆಸರಿನಲ್ಲಿ ಹೊಲೆಯರ, ಮಾದಿಗರ ಹೆಣ್ಣು ಮಕ್ಕಳಿಗೆ ಮುತ್ತು ಕಟ್ಟಿ ಊರ ಧಣಿಗಳ ಹಾಸಿಗೆಗೆ ತಳ್ಳುವ ಪದ್ಧತಿಯನ್ನು ಮುಂಬಯಿ ಪ್ರಾಂತ್ಯದಲ್ಲಿ 1934ರಲ್ಲೇ ನಿಷೇಧಿಸಿದ್ದರು. ಕರ್ನಾಟಕ 1982ರಲ್ಲಿ ಮತ್ತೆ ಕಾಯ್ದೆ ಮಾಡಿತು. ಆಮೇಲೆ 1993-94ರಲ್ಲಿ ಎಣಿಸಿದಾಗ 22,873 ದೇವದಾಸಿಯರು. 2007-08ರಲ್ಲಿ ಮತ್ತೆ ಎಣಿಸಿದಾಗ ಲೆಕ್ಕ 46,660ಕ್ಕೆ ಬಂತು. ಕಾಯ್ದೆ ಕಪಾಟಿನಲ್ಲಿತ್ತು, ಮುತ್ತು ಕೊರಳಲ್ಲಿತ್ತು.

ಇವರಿಗೂ ಸರ್ಕಾರ ಎಮ್ಮೆ, ಆಡು, ಅಂಗಡಿ, ಹೊಲಿಗೆ ಅಂತ ಕೊಡುತ್ತ ಬಂತು. ಕೆಲವರಿಗೆ ಅನುಕೂಲವಾಯಿತು, ಹಲವರಿಗೆ ಸಾಲವಾಯಿತು. ಆದರೆ ಬೆಳಗಾವಿ ಜಿಲ್ಲೆಯಲ್ಲಿ ಬೇರೆಯೇ ಒಂದು ಸಂಗತಿ ನಡೆಯಿತು. ಮೈರಾಡ ಸಂಸ್ಥೆ ಅಲ್ಲಿ ಮಾಜಿ ದೇವದಾಸಿಯರ ಸಂಘಗಳನ್ನು ಕಟ್ಟಿತು. 1997ರಲ್ಲಿ ಆ ಹೆಂಗಸರೇ ಸೇರಿ ಘಟಪ್ರಭಾದಲ್ಲಿ 'ಮಾಸ್' ಅಂತ, ಮಹಿಳಾ ಅಭಿವೃದ್ಧಿ ಮತ್ತು ಸಂರಕ್ಷಣಾ ಸಂಸ್ಥೆ ಅಂತ, ತಮ್ಮದೇ ಸಂಸ್ಥೆ ಮಾಡಿಕೊಂಡರು. ಚಿಕ್ಕಂದಿನಲ್ಲೇ ದೇವದಾಸಿಯಾಗಿ ಬಿಡಲ್ಪಟ್ಟಿದ್ದ ಸೀತವ್ವ ಜೋಡಟ್ಟಿಯವರು ಆ ಸಂಸ್ಥೆ ಸೇರಿ, ಮುಂದೆ ಅದನ್ನು ನಡೆಸುವವರಾದರು. 2018ರಲ್ಲಿ ಅವರಿಗೆ ಪದ್ಮಶ್ರೀ ಬಂತು.

ಪತ್ರಿಕೆಗಳು ಪದ್ಮಶ್ರೀಯ ಬಗ್ಗೆ ಬರೆದವು. 'ಕಷ್ಟ ಗೆದ್ದ ಮಹಿಳೆ' ಅಂತ ಮತ್ತೆ ಅದೇ ಪುರಾಣ. ಪದಕ ಅಲ್ಲ ರೀ, ಕುರ್ಚಿ ನೋಡಿ! ಯಾರು ಫಲಾನುಭವಿ ಆಗಿದ್ದಳೋ ಅವಳೇ ಕಚೇರಿಯ ಕುರ್ಚಿಯಲ್ಲಿ ಕೂತಳು. ಠರಾವು ಬರೆಯುವುದು, ಲೆಕ್ಕ ಇಡುವುದು, ತಹಸೀಲ್ದಾರರ ಮೇಜಿನ ಮುಂದೆ ನಿಂತು ದನಿ ಎತ್ತಿ ಕೇಳುವುದು, ಪೊಲೀಸ್ ಠಾಣೆಯಲ್ಲಿ ದೂರು ಬರೆಸುವುದು, ಇನ್ನೊಂದು ಮಗುವಿಗೆ ಮುತ್ತು ಕಟ್ಟುವ ಸುದ್ದಿ ಬಂದರೆ ಓಡಿ ಹೋಗಿ ತಡೆಯುವುದು: ಇದು ಕೆಲಸದ ತರಬೇತಿ ಅಲ್ಲದೆ ಮತ್ತೇನು? ಮುತ್ತು ಕಟ್ಟುವ ದಿನ ಯಾವುದು, ಯಾವ ಮನೆಯಲ್ಲಿ ಗುಟ್ಟಾಗಿ ನಡೆಯುತ್ತದೆ, ತಾಯಿಯ ಮನಸ್ಸನ್ನು ಯಾವ ಮಾತಿನಿಂದ ತಿರುಗಿಸಬೇಕು, ಇದು ಎಂ.ಎಸ್.ಡಬ್ಲ್ಯು. ಪಾಸಾದ ಹುಡುಗಿಗೆ ಗೊತ್ತಾಗುವುದಿಲ್ಲ. ಶಾಲೆಯ ಅರ್ಜಿಯಲ್ಲಿ 'ತಂದೆಯ ಹೆಸರು' ಅನ್ನುವ ಖಾಲಿ ಜಾಗದ ಮುಂದೆ ನಿಂತು ನಡುಗಿದವಳಿಗೆ ಗೊತ್ತು. ಅವಳು ಉಂಡ ನೋವೇ ಅವಳ ವಿದ್ಯೆ ಆಯಿತು. ಆ ವಿದ್ಯೆಗೆ ಒಂದು ಕುರ್ಚಿ, ಒಂದು ಸಂಬಳ, ಒಂದು ಸಹಿಯ ಅಧಿಕಾರ ಸಿಕ್ಕಿತು. ಬಿಡುಗಡೆ ಅಂದರೆ ಇದು.

ಕೋಲಾರದ ಚಿನ್ನದ ಗಣಿಯ ಕಡೆ ನೋಡಿ. ನೆಲದ ಅಡಿಯಿಂದ ಚಿನ್ನ ತೆಗೆದ ಊರಿನಲ್ಲಿ ನೆಲದ ಮೇಲೆ ನಮ್ಮ ಜನ ಒಣ ಕಕ್ಕಸು ಬಳಿಯುತ್ತಿದ್ದರು. ಅಂಥ ಮನೆಯಲ್ಲಿ ಹುಟ್ಟಿ ಓದಿದ ಬೆಜವಾಡ ವಿಲ್ಸನ್ ತನ್ನ ಪಾಡಿಗೆ ತಾನು ಒಂದು ನೌಕರಿ ಹಿಡಿದು 'ಕಷ್ಟ ಗೆದ್ದವನು' ಅನ್ನಿಸಿಕೊಳ್ಳಬಹುದಿತ್ತು. ಹಾಗೆ ಮಾಡಲಿಲ್ಲ. ಅಧಿಕಾರಿಗಳಿಗೆ ಪತ್ರ ಬರೆದರು, ಇಲ್ಲ ಅಂದವರ ಮುಖಕ್ಕೆ ಕಕ್ಕಸುಗಳ ಫೋಟೋ ಹಿಡಿದರು. ತೊಂಬತ್ತರ ದಶಕದಲ್ಲಿ ಎಸ್.ಆರ್. ಶಂಕರನ್ ಮುಂತಾದವರ ಜೊತೆ ಸೇರಿ ಸಫಾಯಿ ಕರ್ಮಚಾರಿ ಆಂದೋಲನ ಕಟ್ಟಿದರು. 2003ರಲ್ಲಿ ಆಂದೋಲನ ಸುಪ್ರೀಂ ಕೋರ್ಟಿಗೆ ಹೋಯಿತು. ಮೇಲೆ ಹೇಳಿದ 2014ರ ತೀರ್ಪು ಬಂದದ್ದು ಅದೇ ಮೊಕದ್ದಮೆಯಲ್ಲಿ. 2016ರಲ್ಲಿ ವಿಲ್ಸನ್‌ಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಪೊರಕೆ ಕೆಳಗಿಟ್ಟ ಹೆಂಗಸರೇ ಒಣ ಕಕ್ಕಸುಗಳನ್ನು ಒಡೆದು ಹಾಕಿದರು. ಒಡೆಯುವುದೂ ಒಂದು ಕಸುಬೇ, ಅದನ್ನೂ ಕಲಿಯಬೇಕು.

ಇವೆರಡೂ ಹೋರಾಟಗಳ ಫಲ ಕಾನೂನಿನಲ್ಲಿ ಒಂದೇ ಕಡೆ ಕೂತಿರುವುದನ್ನು ಮೇಷ್ಟ್ರುಗಳು ಮಕ್ಕಳಿಗೆ ತೋರಿಸಬೇಕು. ದೌರ್ಜನ್ಯ ತಡೆ ಕಾಯ್ದೆಗೆ 2015ರಲ್ಲಿ ತಂದ ತಿದ್ದುಪಡಿಯಲ್ಲಿ ಮಲ ಹೊರಿಸುವುದು ಒಂದು ದೌರ್ಜನ್ಯ, ಪರಿಶಿಷ್ಟರ ಹೆಣ್ಣನ್ನು ದೇವದಾಸಿ ಬಿಡುವುದು ಇನ್ನೊಂದು ದೌರ್ಜನ್ಯ ಅಂತ ಒಂದರ ಕೆಳಗೊಂದು ಬರೆದಿದೆ. ಕಾನೂನು 'ದೌರ್ಜನ್ಯ' ಅನ್ನುತ್ತದೆ. ಸಂಸ್ಥೆಗಳು ಇನ್ನೂ 'ಕಷ್ಟ' ಅನ್ನುತ್ತಿವೆ. ಕಷ್ಟಕ್ಕೆ ಅಪರಾಧಿ ಇರುವುದಿಲ್ಲ. ದೌರ್ಜನ್ಯಕ್ಕೆ ಇರುತ್ತಾನೆ.

'ಸೇವೆ'ಯ ಬೂಟಾಟಿಕೆ

ಹಾಗಂತ ಎಲ್ಲ ಸಂಸ್ಥೆಯೂ ಘಟಪ್ರಭಾ ಅಲ್ಲ. ಹೆಚ್ಚಿನ ಕಡೆ ಏನು ನಡೆಯುತ್ತದೆ ಅಂತ ಕಾರ್ಯಕರ್ತರಿಗೆ ಹೇಳಬೇಕಾಗಿಲ್ಲ. ನಿರ್ದೇಶಕರು ಬೆಂಗಳೂರಿನಲ್ಲಿ, ಸಂಯೋಜಕರು ಜಿಲ್ಲಾ ಕೇಂದ್ರದಲ್ಲಿ, 'ಫೀಲ್ಡು' ಎಂಬ ಹೊಲದಲ್ಲಿ ಉಳುವವಳು ದಲಿತ ಹೆಂಗಸು. ಮೇಲಿನವರಿಗೆ ಸಂಬಳ, ಅವಳಿಗೆ 'ಗೌರವಧನ'. ಹೆಸರಿನಲ್ಲಿ ಗೌರವ ಇದೆ, ಧನ ಇಲ್ಲ. ಮೂರು ವರ್ಷದ ಪ್ರಾಜೆಕ್ಟು ಮುಗಿದರೆ ಅವಳು ಮತ್ತೆ ಕೂಲಿಗೆ. ಕೇಳಿದರೆ, 'ನೋಡಮ್ಮ, ಇದು ಸೇವೆ, ನೌಕರಿ ಅಲ್ಲ' ಅಂತಾರೆ. ಸೇವೆ! ಆ ಮಾತನ್ನು ನಮಗೆ ಹೇಳಿಕೊಡಬೇಡಿ. ಶತಮಾನಗಳಿಂದ ನಮ್ಮಿಂದ ಮಾಡಿಸಿಕೊಂಡದ್ದು ಸೇವೆಯೇ. ಶೂದ್ರನ ಧರ್ಮ ಸೇವೆ, ಅಸ್ಪೃಶ್ಯನ ಧರ್ಮ ಇನ್ನೂ ದೊಡ್ಡ ಸೇವೆ. ಅರ್ಥಪೂರ್ಣ ಕೆಲಸ ಅಂದರೆ ಕೂಲಿ ಇಲ್ಲದ ಕೆಲಸ ಅಂತ ಅರ್ಥವಲ್ಲ. ಮೊದಲು ಕೂಲಿ, ಆಮೇಲೆ ಅರ್ಥ.

ನಮ್ಮ ಚಳವಳಿಯ ಗೆಳೆಯರಿಗೂ ಒಂದು ಮಾತು. ಸಂಸ್ಥೆ ಅಂದಕೂಡಲೇ 'ವಿದೇಶಿ ಹಣ, ಜೀಪು, ದಲ್ಲಾಳಿ' ಅಂತ ಉಗುಳಿ ಕೈತೊಳೆದುಕೊಳ್ಳುವವರು ಒಂದು ಕಡೆ. ಚಳವಳಿ ಬಿಟ್ಟು ಜೀಪು ಹತ್ತಿ, ಕೇರಿಯ ನೋವನ್ನು ಇಂಗ್ಲಿಷಿನಲ್ಲಿ ವರದಿ ಮಾಡಿ ಹೊಟ್ಟೆ ಹೊರೆದವರು ಇನ್ನೊಂದು ಕಡೆ. ಇಬ್ಬರೂ ಕೇರಿಯ ಹೆಂಗಸಿನ ಕೈಗೆ ಲೆಕ್ಕದ ಪುಸ್ತಕ ಕೊಡಲಿಲ್ಲ. ನಮ್ಮ ಸಂಘಟನೆಗಳ ವೇದಿಕೆಯ ಮೇಲಿನ ಕುರ್ಚಿಗಳಲ್ಲಿ ಎಷ್ಟು ಸೀತವ್ವರು ಕೂತಿದ್ದಾರೆ? ಅದನ್ನೂ ಎಣಿಸೋಣ.

ಸಂಘಟನೆ ಏನು ಮಾಡಬಲ್ಲದು ಅನ್ನುವುದಕ್ಕೆ ದೂರ ಹೋಗಬೇಕಾಗಿಲ್ಲ. 2022ರ ಜುಲೈ 1ರಿಂದ ಪೌರಕಾರ್ಮಿಕರು ರಾಜ್ಯದಾದ್ಯಂತ ಪೊರಕೆ ಕೆಳಗಿಟ್ಟರು. ಕಾಯಂ ಮಾಡುತ್ತೇವೆ ಎಂಬ ಮಾತನ್ನು ಸರ್ಕಾರದಿಂದ ಕಿತ್ತುಕೊಂಡರು. 2025ರ ಮೇ 1ರಂದು ಬೆಂಗಳೂರಿನಲ್ಲಿ 12 ಸಾವಿರಕ್ಕೂ ಹೆಚ್ಚು ಮಂದಿಗೆ ಕಾಯಂ ನೇಮಕಾತಿ ಪತ್ರ ಸಿಕ್ಕಿತು. ಅವರು ಯಾವ ಹೊಸ ಕಸುಬನ್ನೂ ಕಲಿತಿರಲಿಲ್ಲ. ಅದೇ ಪೊರಕೆ, ಅದೇ ರಸ್ತೆ. ಬದಲಾದದ್ದು ಗುತ್ತಿಗೆದಾರ ಎಂಬ ದಲ್ಲಾಳಿ. ಇದು ಕೊನೆಯ ಮೆಟ್ಟಿಲಲ್ಲ, ಅವರ ಮಕ್ಕಳ ಕೈಗೆ ಆ ಪೊರಕೆ ಬರಬಾರದು. ಆದರೆ ಮಕ್ಕಳನ್ನು ಓದಿಸುವ ಸಂಬಳ ತರಬೇತಿಯಿಂದ ಬಂದದ್ದಲ್ಲ, ಮುಷ್ಕರದಿಂದ ಬಂದದ್ದು.

'ಸ್ವಂತ ಪ್ರಯತ್ನ ಬೇಡವೇನ್ರಿ? ಎಲ್ಲದಕ್ಕೂ ವ್ಯವಸ್ಥೆ ವ್ಯವಸ್ಥೆ ಅಂತೀರಲ್ಲ' ಅಂತ ಕೆಲವರು ಕೇಳುತ್ತಾರೆ. ಸ್ವಂತ ಪ್ರಯತ್ನದ ಬಗ್ಗೆ ನಮಗೆ ಪಾಠ ಹೇಳುವ ಮುನ್ನ ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಕೇರಿಗೆ ಬನ್ನಿ. ಪ್ರಯತ್ನದಿಂದಲೇ ಬದುಕು ಬದಲಾಗುವುದಾದರೆ ಈ ನಾಡಿನ ಅತಿ ದೊಡ್ಡ ಶ್ರೀಮಂತರು ನಮ್ಮ ಕೇರಿಯ ಹೆಂಗಸರೇ ಆಗಿರಬೇಕಿತ್ತು.

ಕೇಳಬೇಕಾದ ಪ್ರಶ್ನೆಗಳು

ಕಾರ್ಯಕರ್ತರೇ, ವಿದ್ಯಾರ್ಥಿಗಳೇ, ಹಳ್ಳಿಯ ಮೇಷ್ಟ್ರುಗಳೇ, ನಿಮ್ಮ ಊರಿಗೆ ತರಬೇತಿಯ ಬ್ಯಾನರು ಬಂದಾಗ ಓಡಿಸಬೇಡಿ. ಕೂರಿಸಿ ಕೇಳಿ.

1. ಈ ಕಸುಬುಗಳ ಪಟ್ಟಿ ಮಾಡಿದವರು ಯಾರು? ಕಲಿಯುವವರನ್ನು ಕೇಳಿದಿರಾ? ಜಾತಿಯ ಹಳೆ ಕಸುಬನ್ನೇ ಹೊಸ ಹೆಸರಿನಲ್ಲಿ ತಂದಿದ್ದೀರಾ?

2. ತರಬೇತಿಯ ದಿನದ ಭತ್ಯೆ ಆ ಊರಿನ ದಿನಗೂಲಿಗಿಂತ ಕಡಿಮೆಯೊ ಹೆಚ್ಚೊ?

3. ತರಬೇತಿ ಮುಗಿದ ಮರುದಿನ ಕೂಲಿ ಕೊಡುವವರು ಯಾರು? ಮಾಲು ಕೊಳ್ಳುವವರು ಯಾರು? ಸರ್ಕಾರಿ ಹಾಸ್ಟೆಲಿನ ಹಾಸಿಗೆ ಬಟ್ಟೆ, ಶಾಲೆಯ ಸಮವಸ್ತ್ರ ಹೊಲಿಯುವ ಕೆಲಸವನ್ನು ಈ ಹೆಂಗಸರ ಸಂಘಕ್ಕೇ ಯಾಕೆ ಕೊಡಬಾರದು?

4. ನಿಮ್ಮ ಸಂಸ್ಥೆಯಲ್ಲಿ ಚೆಕ್ಕಿಗೆ ಸಹಿ ಮಾಡುವವರು ಯಾವ ಕೇರಿಯವರು? ಎಷ್ಟು ವರ್ಷದೊಳಗೆ ಆ ಪೆನ್ನು ನಮ್ಮ ಕೈಗೆ ಬರುತ್ತದೆ?

5. ಸೂಜಿಯ ಜೊತೆ ಕಾನೂನನ್ನೂ ಕಲಿಸುತ್ತೀರಾ? 2013ರ ಕಾಯ್ದೆ, ದೌರ್ಜನ್ಯ ತಡೆ ಕಾಯ್ದೆ, ಕನಿಷ್ಠ ಕೂಲಿ, ಅರ್ಜಿ ಬರೆಯುವ ಬಗೆ, ಇವು ಪಾಠದಲ್ಲಿ ಇವೆಯೆ?

ಈ ಐದಕ್ಕೆ ನೇರ ಉತ್ತರ ಕೊಡುವ ಸಂಸ್ಥೆ ಸಿಕ್ಕರೆ ಕೈ ಜೋಡಿಸಿ, ಅವರ ಜಮಖಾನೆ ಹಾಸಿ, ಜನರನ್ನು ಕರೆದು ತನ್ನಿ. ಉತ್ತರ ಕೊಡದವರಿಗೆ ಅವರ ಫೋಟೋ, ಅವರ ಹಾರ, ಅವರ ಪುರಾಣವನ್ನು ಅವರಿಗೇ ವಾಪಸು ಕಟ್ಟಿ ಕಳಿಸಿ.

ನಮಗೆ ಕೆಲಸ ಬೇಕು, ಕಲಿಕೆ ಬೇಕು, ಯಂತ್ರವೂ ಬೇಕು. ಯಂತ್ರ ಯಾರ ಹೆಸರಿನಲ್ಲಿದೆ, ಅದು ನಿಂತ ನೆಲ ಯಾರದ್ದು, ಅದರಿಂದ ಬಂದ ಹಣದ ಲೆಕ್ಕ ಬರೆಯುವವರು ಯಾರು ಅನ್ನುವುದನ್ನು ಕೇಳದೆ ಅದನ್ನು ತುಳಿಯಲು ಮಾತ್ರ ಕೂರುವುದಿಲ್ಲ. ತುಳಿಸಿಕೊಂಡದ್ದೂ ಸಾಕು, ಯಾರದೋ ವರದಿಗಾಗಿ ತುಳಿದದ್ದೂ ಸಾಕು.